ಸೆರಗಿನ ಕೆಂಡ: ಥೆಡಸ್‌ನ ಮಾಂತ್ರಿಕರ ಬಿಡುಗಡೆಯ ರಾಜಕಾರಣ

ರೆಡ್‌ಕ್ಲಿಫ್ ಕೋಟೆಯ ಒಡತಿ ಇಸೋಲ್ಡೆಗೆ ತನ್ನ ಎಳೆಯ ಮಗ ಕಾನರ್‌ನಲ್ಲಿ ಮಾಂತ್ರಿಕ ಶಕ್ತಿ ಇರುವುದು ಗೊತ್ತಾಯಿತು. ಗೊತ್ತಾದ ಕೂಡಲೇ ಅವಳು ಅದನ್ನು ಮುಚ್ಚಿಟ್ಟಳು. ಹೊರಗೆ ತಿಳಿದರೆ ಮಗನನ್ನು ಗೋಪುರಕ್ಕೆ ಒಯ್ಯುತ್ತಾರೆ, ತಂದೆಯ ಪಟ್ಟ ಅವನಿಗೆ ದಕ್ಕುವುದಿಲ್ಲ. ಅದಕ್ಕೆ ಗಂಡನಿಗೂ ಹೇಳದೆ, ಓಡಿಬಂದ ಒಬ್ಬ ಮಾಂತ್ರಿಕನನ್ನು ಗುಟ್ಟಾಗಿ ಪಾಠಕ್ಕೆ ಇಟ್ಟುಕೊಂಡಳು. ಆ ಮೇಷ್ಟ್ರು ಮನೆಯ ಯಜಮಾನನಿಗೆ ವಿಷ ಹಾಕಲು ಬಂದವನಾಗಿದ್ದ. ಅಪ್ಪ ಹಾಸಿಗೆ ಹಿಡಿದ. ಅಪ್ಪನನ್ನು ಉಳಿಸಿಕೊಳ್ಳಲು ಅರ್ಧಂಬರ್ಧ ಕಲಿತ ಹುಡುಗ ಒಂದು ಪಿಶಾಚಿಯ ಜೊತೆ ಒಪ್ಪಂದ ಮಾಡಿಕೊಂಡ. ಮುಂದೆ ಊರಿನ ಹೆಣಗಳು ರಾತ್ರಿ ಹೊತ್ತು ಎದ್ದು ಬಂದು ಊರಿನವರನ್ನೇ ಕೊಲ್ಲತೊಡಗಿದವು.

ಇದು ಕೆನಡಾದ ಬಯೋವೇರ್ ಕಂಪನಿ 2009ರಲ್ಲಿ ಹೊರತಂದ ‘ಡ್ರ್ಯಾಗನ್ ಏಜ್: ಒರಿಜಿನ್ಸ್’ ಎಂಬ ವಿಡಿಯೊ ಗೇಮಿನ ಒಂದು ಪ್ರಸಂಗ. ಕಥೆ ನಡೆಯುವ ಖಂಡದ ಹೆಸರು ಥೆಡಸ್. ಅದು ‘ದಿ ಡ್ರ್ಯಾಗನ್ ಏಜ್ ಸೆಟ್ಟಿಂಗ್’ ಎಂಬುದರ ಮೊದಲಕ್ಷರಗಳು ಸೇರಿ ಆದ ಹೆಸರು. ಕೆಲಸದ ಅನುಕೂಲಕ್ಕೆ ಇಟ್ಟ ಚುಟುಕು ಹೆಸರೇ ಲೋಕದ ಹೆಸರಾಗಿ ನಿಂತುಬಿಟ್ಟಿತು. ಆದರೆ ಆ ಲೋಕವನ್ನು ಕಟ್ಟಿದವರು ಅದರ ರಾಜಕಾರಣದ ವಿಷಯದಲ್ಲಿ ಅಷ್ಟು ಚುಟುಕಾಗಲಿಲ್ಲ. 2011ರ ಎರಡನೇ ಭಾಗ, 2014ರ ‘ಇನ್‌ಕ್ವಿಸಿಷನ್’, ನಡುವೆ ಬಂದ ಡೇವಿಡ್ ಗೇಡರ್ ಅವರ ‘ಅಸಂಡರ್’ ಕಾದಂಬರಿ, ಎಲ್ಲವೂ ಒಂದೇ ಪ್ರಶ್ನೆಯ ಸುತ್ತ ಗಾಣದೆತ್ತಿನಂತೆ ತಿರುಗುತ್ತವೆ: ಹುಟ್ಟಿನಿಂದಲೇ ಅಪಾಯಕಾರಿಗಳೆಂದು ಕೂಡಿಹಾಕಲ್ಪಟ್ಟವರು ಹೊರಬರುವುದು ಹೇಗೆ?

ಆಟಗಾರರು ಹದಿನೈದು ವರ್ಷಗಳಿಂದ ಎರಡು ಬಣವಾಗಿ ಇದನ್ನು ವಾದಿಸುತ್ತಲೇ ಇದ್ದಾರೆ. ಒಂದು ಬಣಕ್ಕೆ ಮಾಂತ್ರಿಕರು ಶುದ್ಧ ಬಲಿಪಶುಗಳು, ಇನ್ನೊಂದಕ್ಕೆ ನಡೆದಾಡುವ ಸಿಡಿಮದ್ದು. ಎರಡೂ ಬಣಗಳು ಇಸೋಲ್ಡೆಯ ಮನೆಯ ಕಥೆಯನ್ನು ಸರಿಯಾಗಿ ಓದಿದಂತಿಲ್ಲ. ಕಾನರ್ ಅಪಾಯಕಾರಿಯಾಗಿದ್ದ, ನಿಜ. ಆದರೆ ಆ ಅಪಾಯವನ್ನು ಒಂದು ಊರಿನ ಸಾವಿನ ಮಟ್ಟಕ್ಕೆ ಬೆಳೆಸಿದ್ದು, ಮಗುವನ್ನು ಕಿತ್ತುಕೊಳ್ಳುತ್ತಾರೆ ಎಂಬ ತಾಯಿಯ ಭಯ. ಸೆರೆಮನೆಯ ಕಾನೂನು ಕೆಂಡವನ್ನು ಆರಿಸಲಿಲ್ಲ. ಅದನ್ನು ಸೆರಗಿನಲ್ಲಿ ಕಟ್ಟಿಕೊಳ್ಳುವಂತೆ ಮಾಡಿತು. ಮಾಂತ್ರಿಕರ ಬಿಡುಗಡೆಗೆ ಏನಾದರೂ ಗೆಲ್ಲುವ ದಾರಿ ಇದ್ದರೆ ಅದು ಇಲ್ಲಿಂದ ಹೊರಡಬೇಕಿತ್ತು. ಅವರ ನಾಯಕರಲ್ಲಿ ಒಬ್ಬರೂ ಇಲ್ಲಿಂದ ಹೊರಡಲಿಲ್ಲ.

ವ್ಯವಸ್ಥೆಯ ಚಿತ್ರ ಹೀಗಿದೆ. ಥೆಡಸ್‌ನಲ್ಲಿ ಮನುಷ್ಯರಾಗಲಿ ಎಲ್ಫ್‌ಗಳಾಗಲಿ ಮಾಂತ್ರಿಕ ಶಕ್ತಿಯೊಂದಿಗೆ ಹುಟ್ಟಬಹುದು. ಹಾಗೆ ಹುಟ್ಟಿದವರ ನಿದ್ದೆಯಲ್ಲಿ ಪಿಶಾಚಿಗಳು ಮಾತಾಡಿಸುತ್ತವೆ. ಸೋತರೆ ಮೈಮೇಲೆ ಬರುತ್ತವೆ. ಉತ್ತರದ ಟೆವಿಂಟರ್ ಸಾಮ್ರಾಜ್ಯದಲ್ಲಿ ಮಾಂತ್ರಿಕರೇ ಅರಸರು, ಗುಲಾಮರ ಬೆವರಿನ ಮೇಲೆ ನಿಂತವರು. ಅವರ ವಿರುದ್ಧ ಎದ್ದ ಆಂಡ್ರಾಸ್ಟೆಯ ಹೆಸರಿನಲ್ಲಿ ಕಟ್ಟಿದ ಧರ್ಮಪೀಠ ಚಾಂಟ್ರಿ. ಮಾಂತ್ರಿಕ ಮಕ್ಕಳನ್ನು ಚಾಂಟ್ರಿಯು ಮನೆಯಿಂದ ಎತ್ತಿ ‘ಸರ್ಕಲ್’ ಎಂಬ ಗೋಪುರಗಳಲ್ಲಿ ಇಡುತ್ತದೆ. ಕಾವಲಿಗೆ ಟೆಂಪ್ಲರ್ ಯೋಧರು. ಪ್ರತಿಯೊಬ್ಬರ ರಕ್ತ ಒಂದೊಂದು ಸೀಸೆಯಲ್ಲಿ. ಓಡಿಹೋದರೆ ಆ ಸೀಸೆಯೇ ಜಾಡು ತೋರಿಸುತ್ತದೆ. ಪಿಶಾಚಿಯನ್ನು ಎದುರಿಸುವ ಪರೀಕ್ಷೆಗೆ ಒಪ್ಪದವರಿಗೆ ‘ಟ್ರ್ಯಾಂಕ್ವಿಲ್’ ಶಿಕ್ಷೆ, ಅಂದರೆ ಕನಸು, ಭಾವನೆ, ಶಕ್ತಿ ಮೂರನ್ನೂ ಕತ್ತರಿಸಿ ಹಣೆಗೆ ಸೂರ್ಯನ ಮುದ್ರೆ ಒತ್ತುವುದು. ಹಾಗಾದವರನ್ನು ಕನ್ನಡದಲ್ಲಿ ‘ಪ್ರಶಾಂತರು’ ಎನ್ನಬಹುದು. ಪದದ ಕ್ರೌರ್ಯವೂ ಹಾಗೇ ಉಳಿಯುತ್ತದೆ. ಇಡೀ ಗೋಪುರ ಕೈತಪ್ಪಿತೆಂದು ಕಂಡರೆ ಒಳಗಿನವರನ್ನೆಲ್ಲ ಕೊಲ್ಲುವ ಹಕ್ಕೂ ಟೆಂಪ್ಲರರಿಗೆ ಇದೆ. ಇದು ಎಂಟುನೂರು ವರ್ಷಗಳಿಗೂ ಹೆಚ್ಚು ಕಾಲ ನಡೆದುಬಂದ ಪದ್ಧತಿ.

ಇಲ್ಲಿ ಒಂದು ಇರುಸುಮುರುಸಿನ ಮಾತನ್ನು ಮೊದಲೇ ಆಡಿ ಮುಗಿಸಬೇಕು. ಇಂಥ ಕಥೆಗಳನ್ನು ನಮ್ಮ ಲೋಕದ ಜಾತಿ, ವರ್ಣಗಳ ದಮನಕ್ಕೆ ನೇರವಾಗಿ ಹೋಲಿಸುವುದು ಸುಲಭ, ಮತ್ತು ಅಷ್ಟೇ ತಪ್ಪು. ನಮ್ಮಲ್ಲಿ ದಮನಿತರ ಬಗ್ಗೆ ಹುಟ್ಟಿಸಿದ ಭಯ ಕಟ್ಟುಕಥೆ. ಥೆಡಸ್‌ನಲ್ಲಿ ಹೆಣ ನಿಜವಾಗಿ ಎದ್ದು ಬರುತ್ತದೆ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು ಇಡೀ ಸಮುದಾಯಗಳನ್ನು ಹುಟ್ಟುಗಳ್ಳರೆಂದು ದಾಖಲೆ ಮಾಡಿದರು. ಮುಂದೆ, ಮುಂಬಯಿ ಪ್ರಾಂತದ ಭಾಗವಾಗಿದ್ದ ಹುಬ್ಬಳ್ಳಿ, ಗದಗ, ಬಿಜಾಪುರಗಳಲ್ಲಿ ತಂತಿಬೇಲಿಯ ಶಿಬಿರಗಳನ್ನು ಮಾಡಿ ಹಾಜರಿ ಕೂಗಿದರು. ಅಲ್ಲಿನವರ ದುಡಿಮೆಯನ್ನು ಗಿರಣಿಗಳು ಬಳಸಿಕೊಂಡವು. ಹುಬ್ಬಳ್ಳಿಯಲ್ಲಿ ‘ಸೆಟ್ಲ್‌ಮೆಂಟ್’ ಎಂಬ ಹೆಸರು ಈಗಲೂ ಉಳಿದಿದೆ. ಅಲ್ಲಿ ಸುಳ್ಳನ್ನು ಸುಳ್ಳೆಂದು ತೋರಿಸುವುದೇ ಹೋರಾಟದ ಅರ್ಧ ಕೆಲಸ. ಮಾಂತ್ರಿಕರಿಗೆ ಆ ಅನುಕೂಲ ಇಲ್ಲ. ‘ನಮ್ಮಿಂದ ಅಪಾಯವಿಲ್ಲ’ ಎಂದು ಅವರು ಹೇಳಿದ ಮರುದಿನವೇ ಯಾರಾದರೊಬ್ಬರ ಮೈಮೇಲೆ ಪಿಶಾಚಿ ಬಂದೀತು.

ಹತ್ತಿರದ ಹೋಲಿಕೆ ಬೇಕೆಂದರೆ ಕುಷ್ಠರೋಗಿಗಳ ಚರಿತ್ರೆಯನ್ನು ನೋಡಬೇಕು. ಅಲ್ಲಿ ಅಪಾಯ ನಿಜ, ಆದರೆ ಉಬ್ಬಿಸಿದ್ದು. ಹವಾಯಿಯಲ್ಲಿ 1866ರಿಂದ ರೋಗಿಗಳನ್ನು ಮೊಲೊಕಾಯ್ ದ್ವೀಪದ ಕಲೌಪಾಪಾಕ್ಕೆ ಸಾಗಿಸಿದರು. ಆ ಪದ್ಧತಿ 1969ರವರೆಗೆ ನಡೆಯಿತು. ಅಂಥ ಕಾನೂನು ಇದ್ದಲ್ಲೆಲ್ಲ ಜನ ಮಚ್ಚೆ ಕಂಡ ಮಗುವನ್ನು ವೈದ್ಯರಿಗೆ ತೋರಿಸದೆ ಒಳಮನೆಯಲ್ಲಿ ಇಟ್ಟುಕೊಂಡರು. ಇಸೋಲ್ಡೆ ಮಾಡಿದ್ದೂ ಅದನ್ನೇ.

ಜಪಾನಿನ ರೋಗಿಗಳು ಮಾಡಿದ ಒಂದು ಕೆಲಸ ಥೆಡಸ್‌ನ ಯಾವ ಮಾಂತ್ರಿಕ ನಾಯಕನಿಗೂ ಹೊಳೆಯಲಿಲ್ಲ. 1940ರ ದಶಕದ ಕೊನೆಯಲ್ಲಿ ಪ್ರೊಮಿನ್ ಎಂಬ ಹೊಸ ಔಷಧಿಯ ಸುದ್ದಿ ತಿಳಿದಾಗ, ಆರೋಗ್ಯಧಾಮಗಳ ಒಳಗಿದ್ದವರು ಸಂಘಟಿತರಾಗಿ ಅದನ್ನು ಕೊಡಿಸಿ ಎಂದು ಸರ್ಕಾರದ ಮೇಲೆ ಒತ್ತಡ ಹಾಕಿದರು. ಹೊರಗಿನವರು ಹೆದರುತ್ತಿದ್ದ ಸಂಗತಿಗೆ ಪರಿಹಾರವನ್ನು ಒಳಗಿನವರೇ ತಮ್ಮ ಬೇಡಿಕೆಯನ್ನಾಗಿ ಮಾಡಿಕೊಂಡರು. ಮಾಂತ್ರಿಕರ ಪ್ರಣಾಳಿಕೆಯ ಮೊದಲ ಸಾಲು ಇದೇ ಆಗಬೇಕಿತ್ತು: ಪಿಶಾಚಿ ಮೈಮೇಲೆ ಬರುವುದನ್ನು ತಡೆಯುವ ವಿದ್ಯೆಯನ್ನು ನಾವು ಬೆಳೆಸುತ್ತೇವೆ, ಅದಕ್ಕೆ ಅಡ್ಡ ನಿಂತಿರುವುದು ಚಾಂಟ್ರಿ.

ಆ ವಿದ್ಯೆ ಎಲ್ಲೋ ಆಕಾಶದಲ್ಲಿರಲಿಲ್ಲ. ಬೆಟ್ಟದ ಅವ್ವಾರ್ ಬುಡಕಟ್ಟಿನವರು ಸಾಧುವಾದ ಒಂದು ಆತ್ಮದ ಕೈಗೆ ಎಳೆಯ ಮಾಂತ್ರಿಕರನ್ನು ಒಪ್ಪಿಸಿ ಕಲಿಸುತ್ತಾರೆ, ಕಲಿಕೆ ಮುಗಿದ ಮೇಲೆ ವಿಧಿಪೂರ್ವಕವಾಗಿ ಅದನ್ನು ಬೀಳ್ಕೊಡುತ್ತಾರೆ. ಅಲೆಮಾರಿ ಎಲ್ಫ್‌ಗಳ ಕುಲಗಳಲ್ಲಿ ಮಾಂತ್ರಿಕರೇ ಹಿರಿಯರು. ರಿವೈನ್ ನಾಡಿನಲ್ಲಿ ಮಾಂತ್ರಿಕ ಹೆಂಗಸರು ಊರಿನ ಮಧ್ಯೆ ಇದ್ದುಕೊಂಡು ಕಣಿ ಹೇಳುವ, ಸಲಹೆ ಕೊಡುವ ಮಾತೃಸ್ಥಾನದವರು. ಅಲ್ಲಿನ ಡೇರ್ಸ್‌ಮುಯಿಡ್ ಸರ್ಕಲ್‌ನವರು ಮನೆಯವರ ಜೊತೆ ಹೋಗಿಬರುತ್ತಿದ್ದರು, ಹೆಣ್ಣುಮಕ್ಕಳಿಗೆ ಹಳೆಯ ಸಂಪ್ರದಾಯ ಕಲಿಸುತ್ತಿದ್ದರು. ಅದು ಬಯಲಾದಾಗ ಟೆಂಪ್ಲರರು ಇಡೀ ಗೋಪುರದವರನ್ನು ಕೊಚ್ಚಿಹಾಕಿದರು. ಯಾಕೆ? ಅಲ್ಲಿ ಅನಾಹುತವೇನೂ ಆಗಿರಲಿಲ್ಲ. ಅನಾಹುತವಿಲ್ಲದೆ ಬದುಕಬಹುದು ಎಂಬುದಕ್ಕೆ ಆ ಗೋಪುರ ಸಾಕ್ಷಿಯಾಗಿತ್ತು. ಸೆರೆಮನೆಗೆ ಅದಕ್ಕಿಂತ ದೊಡ್ಡ ಅಪಾಯ ಬೇರೆ ಇಲ್ಲ. ಮುಂದೆ ಬಂಡೆದ್ದ ಮಾಂತ್ರಿಕರ ಕೈಯಲ್ಲಿದ್ದ ಅತಿ ದೊಡ್ಡ ಅಸ್ತ್ರ ಡೇರ್ಸ್‌ಮುಯಿಡ್. ಅವರು ಅದನ್ನು ಮತ್ತೊಂದು ಕೊಲೆಪಟ್ಟಿಯ ಹೆಸರಾಗಿ ಮಾತ್ರ ಬಳಸಿದರು.

ಬಳಸಿದ ದಾರಿಗಳು ಬೇರೆ. ಅದರಲ್ಲಿ ಎಲ್ಲರಿಗೂ ನೆನಪಿರುವುದು ಎರಡನೇ ಭಾಗದ ಆಂಡರ್ಸ್ ಎಂಬ ಮಾಂತ್ರಿಕನದು.

ಡ್ರ್ಯಾಗನ್ ಯುಗದ 37ನೇ ವರ್ಷ, ಕರ್ಕ್‌ವಾಲ್ ನಗರ. ಟೆಂಪ್ಲರ್ ದಂಡನಾಯಕಿ ಮೆರೆಡಿತ್ ಮತ್ತು ಮಾಂತ್ರಿಕರ ಮುಖ್ಯಸ್ಥ ಒರ್ಸಿನೊ ಬೀದಿಯಲ್ಲಿ ಜಗಳವಾಡುತ್ತಿದ್ದಾರೆ. ಇಬ್ಬರ ನಡುವೆ ಹೇಗೋ ತಕ್ಕಡಿ ಹಿಡಿದು ಕೂತಿದ್ದವಳು ಧರ್ಮಪೀಠದ ವೃದ್ಧೆ ಎಲ್ತಿನಾ. ಬಡವರಿಗೆ ಮದ್ದು ಕೊಡುತ್ತಿದ್ದ ವೈದ್ಯ ಆಂಡರ್ಸ್ ಆ ಕ್ಷಣಕ್ಕೆ ಧರ್ಮಪೀಠದ ಕಟ್ಟಡವನ್ನೇ ಸಿಡಿಸುತ್ತಾನೆ. ರಾಜಿಯ ದಾರಿಯೇ ಇರಬಾರದು ಎಂಬುದು ಅವನ ಉದ್ದೇಶ. ಮೆರೆಡಿತ್ ಒಡನೆಯೇ ಸರ್ಕಲ್‌ನ ಎಲ್ಲರಿಗೂ ಮರಣದಂಡನೆ ಘೋಷಿಸುತ್ತಾಳೆ. ಆಂಡರ್ಸ್ ಆ ಸರ್ಕಲ್‌ಗೆ ಸೇರಿದವನೂ ಅಲ್ಲ.

ಅವನ ಅಭಿಮಾನಿಗಳು ಜಾನ್ ಬ್ರೌನ್‌ನ ಹೆಸರನ್ನು ತರುತ್ತಾರೆ. 1859ರ ಅಕ್ಟೋಬರಿನಲ್ಲಿ ಸುಮಾರು ಇಪ್ಪತ್ತು ಜನರೊಂದಿಗೆ ಹಾರ್ಪರ್ಸ್ ಫೆರಿಯ ಶಸ್ತ್ರಾಗಾರಕ್ಕೆ ನುಗ್ಗಿ, ಡಿಸೆಂಬರಿನಲ್ಲಿ ಗಲ್ಲಿಗೇರಿದ ಬ್ರೌನ್ ಅಮೆರಿಕದ ಗುಲಾಮಗಿರಿಯ ಪ್ರಶ್ನೆಯನ್ನು ಮುಂದೂಡಲಾಗದಂತೆ ಮಾಡಿದ, ನಿಜ. ಒಂದೂವರೆ ವರ್ಷದೊಳಗೆ ಅಂತರ್ಯುದ್ಧ ಶುರುವಾಯಿತು. ಆದರೆ ಬ್ರೌನ್‌ನ ಬೆನ್ನ ಹಿಂದೆ ಉತ್ತರದ ರಾಜ್ಯಗಳಿದ್ದವು: ಕಾರ್ಖಾನೆ, ರೈಲು, ಪತ್ರಿಕೆ, ದಶಕಗಳಿಂದ ಗುಲಾಮಗಿರಿಯ ವಿರುದ್ಧ ಉಪದೇಶ ಮಾಡಿದ ಚರ್ಚುಗಳು, ಫ್ರೆಡರಿಕ್ ಡಗ್ಲಸ್‌ರಂಥ ಮಾತುಗಾರರು. ಆ ಯುದ್ಧದಲ್ಲಿ ಸುಮಾರು 1,80,000 ಕಪ್ಪು ಸೈನಿಕರು ಒಕ್ಕೂಟದ ಸಮವಸ್ತ್ರ ತೊಟ್ಟು ಹೋರಾಡಿದರು. ಕಿಡಿ ಬಿದ್ದಾಗ ಹಿಡಿಯಲು ಒಣಹುಲ್ಲು ಇತ್ತು, ಊದಲು ಗಾಳಿಯಿತ್ತು. ಮಾಂತ್ರಿಕರಿಗೆ ಅಂಥ ‘ಉತ್ತರ’ವೇ ಇರಲಿಲ್ಲ. ಇದ್ದ ಉತ್ತರ ದಿಕ್ಕೆಂದರೆ ಟೆವಿಂಟರ್, ಯಾವುದರ ನೆನಪಿನಿಂದ ಜನ ಮಾಂತ್ರಿಕರಿಗೆ ಹೆದರುತ್ತಿದ್ದರೋ ಅದೇ ನಾಡು. ಡಗ್ಲಸ್ ಸಹ ಹಾರ್ಪರ್ಸ್ ಫೆರಿಯ ಯೋಜನೆ ಕೇಳಿ, ಅದು ಉಕ್ಕಿನ ಬೋನು ಎಂಬರ್ಥದಲ್ಲಿ ಎಚ್ಚರಿಸಿ ಹಿಂದೆ ಸರಿದಿದ್ದರು ಎಂಬುದನ್ನೂ ಮರೆಯಬಾರದು.

ಆಂಡರ್ಸ್‌ನ ತಪ್ಪನ್ನು ಬೈಯುವವರು ಒರ್ಸಿನೊನ ತಪ್ಪನ್ನು ಮರೆಯುತ್ತಾರೆ. ರಾಜಕೀಯವಾಗಿ ಅದು ಇನ್ನೂ ದೊಡ್ಡದು. ಕರ್ಕ್‌ವಾಲ್‌ನಲ್ಲಿ ಹೆಂಗಸರನ್ನು ಕೊಂದು ಅಂಗಾಂಗ ಜೋಡಿಸಿ ಹೆಂಡತಿಯ ಪ್ರತಿರೂಪ ಮಾಡಲು ಹೊರಟ ಕ್ವೆಂಟಿನ್ ಎಂಬ ಮಾಂತ್ರಿಕನಿದ್ದ. ಆಟದ ನಾಯಕನ ತಾಯಿಯೂ ಅವನಿಗೆ ಬಲಿಯಾಗುತ್ತಾಳೆ. ಅವನ ಪ್ರಯೋಗಗಳು ಒರ್ಸಿನೊಗೆ ಗೊತ್ತಿದ್ದವು. ಹೇಳಿದರೆ ಮೆರೆಡಿತ್ ಅದನ್ನೇ ನೆಪ ಮಾಡಿಕೊಳ್ಳುತ್ತಾಳೆಂದು ಬಾಯಿ ಮುಚ್ಚಿಕೊಂಡ. ಇದು ಎಲ್ಲ ದಮನಿತ ಸಮುದಾಯಗಳ ಮುಂದಾಳುಗಳೂ ಒಮ್ಮೆಯಾದರೂ ಎದುರಿಸುವ ಇಕ್ಕಟ್ಟು: ಮನೆಯೊಳಗಿನ ಕೊಳಕನ್ನು ಬೀದಿಗೆ ತಂದರೆ ಶತ್ರುವಿಗೆ ಕಲ್ಲು ಕೊಟ್ಟಂತೆ. ಆದರೆ ಮುಚ್ಚಿಟ್ಟ ಒಂದೊಂದು ಕೊಲೆಯೂ ‘ಇವರು ತಮ್ಮವರನ್ನು ತಾವೇ ಹತೋಟಿಯಲ್ಲಿ ಇಟ್ಟುಕೊಳ್ಳಲಾರರು’ ಎಂಬ ಟೆಂಪ್ಲರರ ವಾದಕ್ಕೆ ರುಜು ಹಾಕುತ್ತದೆ. ಸ್ವಯಮಾಡಳಿತ ಕೇಳುವವರು ಕೇಳುವ ಮೊದಲೇ ಅದನ್ನು ನಡೆಸಿ ತೋರಿಸಬೇಕಾಗುತ್ತದೆ. ಇದು ಅನ್ಯಾಯದ ಬೇಡಿಕೆ. ಟೆಂಪ್ಲರರನ್ನು ಯಾರೂ ಹೀಗೆ ಪರೀಕ್ಷೆಗೆ ಒಡ್ಡುವುದಿಲ್ಲ. ಅನ್ಯಾಯವೆಂದು ಗೊತ್ತಿದ್ದೂ ಒರ್ಸಿನೊ ಕ್ವೆಂಟಿನ್‌ನನ್ನು ತಾನೇ ಹಿಡಿದು ಎಲ್ತಿನಾಳ ಮುಂದೆ, ಮೆರೆಡಿತ್‌ಳ ಮುಂದಲ್ಲ, ನಿಲ್ಲಿಸಿದ್ದರೆ ನಗರದ ಅಭಿಪ್ರಾಯ ಯಾವ ಕಡೆ ವಾಲುತ್ತಿತ್ತು ಎಂಬುದು ಕೇಳಬೇಕಾದ ಪ್ರಶ್ನೆ.

ಮೆರೆಡಿತ್‌ಳ ಹಿನ್ನೆಲೆಯನ್ನೂ ಇಲ್ಲಿ ನೋಡಬೇಕು. ಅವಳ ಅಕ್ಕ ಮಾಂತ್ರಿಕಳು. ಮನೆಯವರು ಪ್ರೀತಿಯಿಂದ ಬಚ್ಚಿಟ್ಟರು. ಪಿಶಾಚಿ ಬಂತು, ಮನೆಯವರೂ ಊರಿನ ಹತ್ತಾರು ಜನರೂ ಸತ್ತರು. ಮತ್ತೆ ಅದೇ ಸರಪಳಿ: ಕಿತ್ತುಕೊಳ್ಳುವ ಕಾನೂನು, ಬಚ್ಚಿಡುವ ಮನೆ, ಕಲಿಸುವವರಿಲ್ಲದ ಮಗು, ಅನಾಹುತ, ಇನ್ನೂ ಕಠಿಣ ಕಾನೂನು. ಮಾಂತ್ರಿಕರ ಪರವಾಗಿ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿತ್ತೇ? ಅದು ಶತ್ರುವಿನ ಮನೆಯೊಳಗೇ ಇತ್ತು. ಯಾರೂ ಕೇಳಲಿಲ್ಲ.

ಕರ್ಕ್‌ವಾಲ್‌ನ ಬೆಂಕಿ ಹಬ್ಬಿ ಮೂರು ವರ್ಷದಲ್ಲಿ ಮಾಂತ್ರಿಕರ ಮಹಾಸಭೆ ಆಂಡೊರಲ್ಸ್ ರೀಚ್ ಕೋಟೆಯಲ್ಲಿ ಸೇರಿ, ಫಿಯೋನಾ ಎಂಬ ಮಾಂತ್ರಿಕಳ ನೇತೃತ್ವದಲ್ಲಿ ಚಾಂಟ್ರಿಯಿಂದ ಬೇರ್ಪಡಲು ಮತ ಹಾಕಿತು. ಟೆಂಪ್ಲರರೂ ಚಾಂಟ್ರಿಯನ್ನು ಬಿಟ್ಟು ಹೊರಬಂದರು, ಮಾಂತ್ರಿಕರನ್ನು ಇನ್ನೂ ಬಿಗಿಯಾಗಿ ಹಿಡಿದು ಹೊಡೆಯಲು. ಬಿಡುಗಡೆ ಘೋಷಣೆಯಾಯಿತು, ಆದರೆ ಎಲ್ಲಿ ಮಲಗಬೇಕು, ಏನು ತಿನ್ನಬೇಕು ಎಂಬುದಕ್ಕೆ ಉತ್ತರವಿರಲಿಲ್ಲ. ಫೆರೆಲ್ಡನ್ ನಾಡಿನ ದೊರೆತನ ರೆಡ್‌ಕ್ಲಿಫ್‌ನಲ್ಲಿ ಆಶ್ರಯ ಕೊಟ್ಟಿತು. ಹೆಣಗಳು ಎದ್ದುಬಂದ ಅದೇ ರೆಡ್‌ಕ್ಲಿಫ್. ಅಂಥ ಊರು ಬಾಗಿಲು ತೆರೆದಿತ್ತು ಎಂದರೆ ಅದು ಸಣ್ಣ ಗೆಲುವಲ್ಲ. ಆದರೆ ಟೆಂಪ್ಲರರು ಮುತ್ತುತ್ತಿದ್ದಾರೆಂಬ ಭಯದಲ್ಲಿ ಫಿಯೋನಾ ಟೆವಿಂಟರ್‌ನ ಅಲೆಕ್ಸಿಯಸ್ ಎಂಬ ಮಾಂತ್ರಿಕ ಒಡೆಯನ ಕೈಹಿಡಿದಳು. ಕರಾರಿನ ಪ್ರಕಾರ ಹತ್ತು ವರ್ಷ ಜೀತ, ಆಮೇಲೆ ಪೌರತ್ವ. ಅಲೆಕ್ಸಿಯಸ್ ಬಂದವನೇ ಊರಿನ ಒಡೆಯನನ್ನು ಹೊರದಬ್ಬಿದ. ಆಶ್ರಯ ಕೊಟ್ಟ ದೊರೆತನ ಕೊನೆಗೆ ಮಾಂತ್ರಿಕರನ್ನು ದೇಶದಿಂದ ಆಚೆ ಹಾಕಿತು. ಗುಲಾಮರ ನಾಡಿಗೆ ತನ್ನ ಜನರನ್ನು ಒಪ್ಪಿಸಿದ ಫಿಯೋನಾ ಸ್ವತಃ ಎಲ್ಫ್, ಆ ಗುಲಾಮರಲ್ಲಿ ಬಹುಪಾಲು ಯಾರ ಜನವೋ ಆ ಜನದವಳು. ಅವಳ ಹತಾಶೆಯ ಆಳ ಇದರಲ್ಲಿ ಕಾಣುತ್ತದೆ.

ಅವಳನ್ನು ದ್ರೋಹಿ ಎನ್ನುವುದು ಸುಲಭ. ಆದರೆ ಒಂಟಿಯಾಗಿ ಗೆದ್ದವರ ಪಾಡು ನಮ್ಮ ಲೋಕದಲ್ಲೂ ಹೀಗೇ. ಹೈಟಿಯ ಗುಲಾಮರು 1791ರಲ್ಲಿ ಎದ್ದು, ನೆಪೋಲಿಯನ್‌ನ ಸೇನೆಯನ್ನೂ ಸೋಲಿಸಿ 1804ರ ಜನವರಿ 1ರಂದು ಸ್ವತಂತ್ರರಾದರು. ಮಾನ್ಯ ಮಾಡುವವರೇ ಇರಲಿಲ್ಲ. 1825ರಲ್ಲಿ ಫ್ರೆಂಚ್ ಯುದ್ಧನೌಕೆಗಳು ಬಂದು ನಿಂತಾಗ, ತಮ್ಮನ್ನು ತಾವೇ ಕೊಂಡುಕೊಂಡಂತೆ 15 ಕೋಟಿ ಫ್ರಾಂಕ್ ಪರಿಹಾರಕ್ಕೆ ಒಪ್ಪಬೇಕಾಯಿತು. ಮುಂದೆ ಅದನ್ನು 9 ಕೋಟಿಗೆ ಇಳಿಸಿದರು. ಅಮೆರಿಕ ಮಾನ್ಯತೆ ಕೊಟ್ಟದ್ದು 1862ರಲ್ಲಿ. ಕತ್ತಿಯಿಂದ ಪಡೆದ ಸ್ವಾತಂತ್ರ್ಯವನ್ನೂ ನೆರೆಹೊರೆಯವರ ಒಪ್ಪಿಗೆಯಿಲ್ಲದೆ ಉಳಿಸಿಕೊಳ್ಳುವ ಖರ್ಚು ಎಷ್ಟೆಂಬುದಕ್ಕೆ ಇದು ಲೆಕ್ಕ.

ಹಾಗಾದರೆ ಮಾಂತ್ರಿಕರ ಕೈಯಲ್ಲಿ ಏನಿತ್ತು? ಬೆಂಕಿ ಉಗುಳುವ ಶಕ್ತಿಗಿಂತ ಬೆಲೆಬಾಳುವ ಎರಡು ಸಂಗತಿಗಳು.

ಮೊದಲನೆಯದು ದುಡಿಮೆ. ಕತ್ತಿಗೆ, ಕವಚಕ್ಕೆ ಮಾಂತ್ರಿಕ ಗುಣ ತುಂಬುವ ಕಸುಬು ಸರ್ಕಲ್‌ನ ಬೊಕ್ಕಸ ತುಂಬಿಸುತ್ತದೆ. ಆ ಕೆಲಸಕ್ಕೆ ಬೇಕಾದ ಲಿರಿಯಂ ಎಂಬ ಖನಿಜ ಮಾಂತ್ರಿಕರನ್ನು ಕೊಲ್ಲುವಷ್ಟು ಉಗ್ರ. ಪ್ರಶಾಂತರಿಗೆ ಅಷ್ಟಾಗಿ ತಟ್ಟದು. ಹಾಗಾಗಿ ಭಾವನೆ ಕಳೆದುಕೊಂಡವರೇ ಕುಶಲಕರ್ಮಿಗಳು. ಡೆನೆರಿಮ್ ಪೇಟೆಯ ‘ವಂಡರ್ಸ್ ಆಫ್ ಥೆಡಸ್’ ಅಂಗಡಿಯಲ್ಲಿ ಗಿರಾಕಿಯನ್ನು ವಿಚಾರಿಸುವವನೂ ಹಣೆಮುದ್ರೆಯವನೇ. ಇದರ ಜೊತೆಗೆ ರೋಗಿಗಳ ಆರೈಕೆ, ರಾಜರ ಯುದ್ಧಗಳಲ್ಲಿ ಸೇವೆ. ಹುಬ್ಬಳ್ಳಿಯ ಶಿಬಿರಕ್ಕೂ ಗಿರಣಿಗೂ ಇದ್ದ ನಂಟು ಇಲ್ಲೂ ಇದೆ: ಕೂಡಿಹಾಕಿದವರಿಗೆ ಕೂಡಿಹಾಕುವುದರಲ್ಲಿ ಲಾಭವಿದೆ. ಲಾಭವಿರುವಲ್ಲಿ ಅದನ್ನು ನಿಲ್ಲಿಸುವ ಶಕ್ತಿಯೂ ಇದೆ. 1955ರ ಡಿಸೆಂಬರಿನಿಂದ 381 ದಿನ ಅಮೆರಿಕದ ಮಾಂಟ್‌ಗೊಮೆರಿಯ ಕಪ್ಪು ಜನ ಬಸ್ಸು ಹತ್ತದೆ ನಡೆದಾಗ ಕಂಪನಿಗೆ ಬಿದ್ದ ಪೆಟ್ಟು ಯಾವ ಕಲ್ಲೇಟಿನಿಂದಲೂ ಬೀಳುತ್ತಿರಲಿಲ್ಲ. ಎಲ್ಲ ಗೋಪುರಗಳೂ ಒಂದು ಚಳಿಗಾಲ ರಾಜಮನೆತನಗಳ ಕತ್ತಿಗಳಿಗೆ ಕೈ ಹಚ್ಚದೆ, ಊರಿನ ರೋಗಿಗಳಿಗೆ ಮಾತ್ರ ಮದ್ದು ಕೊಡುತ್ತಾ ಕೂತಿದ್ದರೆ, ಚಾಂಟ್ರಿಯ ಬಾಗಿಲು ಬಡಿಯುವವರು ಮಾಂತ್ರಿಕರಾಗಿರುತ್ತಿರಲಿಲ್ಲ, ದೊರೆಗಳಾಗಿರುತ್ತಿದ್ದರು. ಟೆಂಪ್ಲರರು ಸುಮ್ಮನಿರುತ್ತಿದ್ದರೇ? ಖಂಡಿತ ಇಲ್ಲ, ಕೆಲವು ಗೋಪುರಗಳಲ್ಲಿ ರಕ್ತ ಹರಿಯುತ್ತಿತ್ತು. ಆದರೆ ಆಗ ಕತ್ತಿ ಎತ್ತಿದವರು ಯಾರೆಂಬುದರಲ್ಲಿ ಗೊಂದಲವಿರುತ್ತಿರಲಿಲ್ಲ.

ಎರಡನೆಯದು ಇನ್ನೂ ಸೂಕ್ಷ್ಮ. ಕಾವಲುಗಾರನೂ ಅಲ್ಲಿ ಕಟ್ಟುಬಿದ್ದವನೇ. ಮಾಂತ್ರಿಕರನ್ನು ತಡೆಯುವ ಬಲಕ್ಕಾಗಿ ಟೆಂಪ್ಲರರು ಲಿರಿಯಂ ಸೇವಿಸುತ್ತಾರೆ. ಅದು ಚಟವಾಗಿ, ಕೊನೆಗೆ ನೆನಪನ್ನೇ ತಿಂದುಹಾಕುತ್ತದೆ. ಅದರ ಸರಬರಾಜು ಚಾಂಟ್ರಿಯ ಮುಷ್ಟಿಯಲ್ಲಿ. ಚಾಂಟ್ರಿಯಿಂದ ಬೇರೆಯಾದ ಟೆಂಪ್ಲರರಲ್ಲಿ ಅನೇಕರು ಇನ್ನೂ ಉಗ್ರವಾದ ಕೆಂಪು ಲಿರಿಯಂಗೆ ಬಿದ್ದು ರಾಕ್ಷಸರಾದದ್ದು ಅದರಿಂದಲೇ. ಕಲೆನ್ ಎಂಬ ಟೆಂಪ್ಲರನ ಕಥೆ ಮಾತ್ರ ಬೇರೆ. ಫೆರೆಲ್ಡನ್ ಗೋಪುರದ ದಂಗೆಯಲ್ಲಿ ಪಿಶಾಚಿಗಳಿಂದ ಚಿತ್ರಹಿಂಸೆ ಅನುಭವಿಸಿ ಮಾಂತ್ರಿಕರನ್ನು ದ್ವೇಷಿಸಿದವನು, ಮೆರೆಡಿತ್‌ಳ ಬಲಗೈ ಆದವನು, ಕಡೆಗೆ ಅವಳ ಎದುರೇ ನಿಂತ. ಮುಂದೆ ಲಿರಿಯಂ ಬಿಡಲು ಒದ್ದಾಡಿದ. ಇಂಥವನೊಬ್ಬ ಇದ್ದನೆಂದರೆ ಇನ್ನೆಷ್ಟೋ ಜನ ಇದ್ದಿರಬೇಕು. ಲಿರಿಯಂ ಚಟಕ್ಕೆ ಮದ್ದು ಹುಡುಕಬಲ್ಲವರು ಥೆಡಸ್‌ನಲ್ಲಿ ಯಾರಾದರೂ ಇದ್ದರೆ ಅವರು ಸರ್ಕಲ್‌ನ ವೈದ್ಯರು. ಆ ಮದ್ದನ್ನು ಮುಂದಿಟ್ಟು ಕಾವಲುಗಾರರ ಸಾಲನ್ನು ಒಡೆಯಬೇಕೆಂದು ಯಾವ ಬಂಡಾಯಗಾರನೂ ಯೋಚಿಸಲಿಲ್ಲ.

ಇದಕ್ಕೆ ಬರುವ ಬಲವಾದ ಆಕ್ಷೇಪ ಒಂದಿದೆ. ಇದೆಲ್ಲ ನಿಧಾನದ ದಾರಿ. ಇವತ್ತು ಹಣೆಗೆ ಮುದ್ರೆ ಬೀಳುವ ಹುಡುಗಿಗೆ ‘ಕಾಯಿ’ ಎನ್ನುವ ಅಧಿಕಾರ ಯಾರಿಗಿದೆ? ಜಪಾನಿನ ಉದಾಹರಣೆಯೇ ಈ ಆಕ್ಷೇಪಕ್ಕೆ ಬಲ ಕೊಡುತ್ತದೆ. ಔಷಧಿ ಬಂದ ಮೇಲೂ, ಭಯಕ್ಕೆ ಉತ್ತರ ಸಿಕ್ಕ ಮೇಲೂ, 1953ರಲ್ಲಿ ರೋಗಿಗಳ ಪ್ರತಿಭಟನೆಯ ನಡುವೆಯೇ ಪ್ರತ್ಯೇಕತೆಯ ಕಾನೂನನ್ನು ಹೊಸದಾಗಿ ಮಾಡಿದರು. ಅದು ರದ್ದಾದದ್ದು 1996ರಲ್ಲಿ. ರೋಗಿಗಳು ಕೋರ್ಟಿಗೆ ಹೋಗಿ 2001ರಲ್ಲಿ ಕುಮಾಮೊಟೊದಲ್ಲಿ ಗೆದ್ದ ಮೇಲೆ ಸರ್ಕಾರ ಕ್ಷಮೆ ಕೇಳಿತು. ನಮ್ಮಲ್ಲಿ 1952ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹೋಯಿತು. ರೂಢಿಗತ ಅಪರಾಧಿಗಳ ಕಾಯ್ದೆ ಎಂಬ ಹೊಸ ಅಂಗಿ ತೊಟ್ಟು ಅದೇ ಪೊಲೀಸು ಅದೇ ಕೇರಿಗೆ ಬಂದ. ಭಯ ಸತ್ತರೂ ಭಯದ ಮೇಲೆ ಕಟ್ಟಿದ ಕಚೇರಿ ಸಾಯುವುದಿಲ್ಲ.

ಆದ್ದರಿಂದ ಬೇಡಿಕೆಗಳ ಕ್ರಮ ಮುಖ್ಯವಾಗುತ್ತದೆ. ‘ಸರ್ಕಲ್ ಬೇಡ’ ಎಂಬ ಒಂದೇ ಕೂಗು ಚಾಂಟ್ರಿಯನ್ನೂ ಹಳ್ಳಿಯ ರೈತನನ್ನೂ ಒಂದೇ ಕಡೆ ನಿಲ್ಲಿಸುತ್ತದೆ. ‘ಮಗುವನ್ನು ಮನೆಯಿಂದ ಕಿತ್ತುಕೊಳ್ಳಬೇಡಿ, ಊರಿನಲ್ಲೇ ಕಲಿಸಿ’ ಎಂಬ ಕೂಗು ಅವರಿಬ್ಬರನ್ನು ಬೇರೆ ಮಾಡುತ್ತದೆ, ಯಾಕೆಂದರೆ ಕಿತ್ತುಕೊಂಡದ್ದು ರೈತನ ಮಗುವನ್ನೇ. ಆಮೇಲೆ ಪಟ್ಟ ಮತ್ತು ಆಸ್ತಿಯ ಹಕ್ಕು. ಅದಕ್ಕೆ ಇಸೋಲ್ಡೆಯಂಥ ಸಿರಿವಂತ ತಾಯಂದಿರು ಜೊತೆಗೆ ಬರುತ್ತಾರೆ. ರಕ್ತದ ಸೀಸೆಗಳನ್ನು ಧರ್ಮಪೀಠದಿಂದ ಬಿಡಿಸಿ ದೊರೆಯ ನ್ಯಾಯಸ್ಥಾನಕ್ಕೆ ಒಪ್ಪಿಸುವುದು ಅದರ ನಂತರದ್ದು. ಪ್ರಶಾಂತೀಕರಣವನ್ನು ಮಾತ್ರ ಯಾವ ಹಂತಕ್ಕೂ ಮುಂದೂಡುವಂತಿಲ್ಲ, ಅದರಲ್ಲೂ ‘ಅಸಂಡರ್’ ಕಾದಂಬರಿಯಲ್ಲಿ ಅದನ್ನು ಹಿಂತಿರುಗಿಸಬಹುದೆಂದು ಫರಮಂಡ್ ಎಂಬವನು ತೋರಿಸಿಕೊಟ್ಟ ಮೇಲೆ.

‘ಇನ್‌ಕ್ವಿಸಿಷನ್’ ಆಟದ ಕೊನೆಯಲ್ಲಿ ಮೂವರಲ್ಲಿ ಒಬ್ಬಳು ಧರ್ಮಪೀಠದ ಹೊಸ ಒಡತಿಯಾಗಿ ಬರುತ್ತಾಳೆ. ವಿವಿಯೆನ್ ಬಂದರೆ ಗೋಪುರಗಳು ಮತ್ತೆ ಏಳುತ್ತವೆ. ವಿವಿಯೆನ್ ಸ್ವತಃ ಮಾಂತ್ರಿಕಳು ಎಂಬುದು ಇಲ್ಲಿನ ಕಹಿ. ಕಸಾಂಡ್ರಾ ಬಂದರೆ ಸುಧಾರಿಸಿದ ಗೋಪುರ, ಲೆಲಿಯಾನಾ ಬಂದರೆ ಗೋಪುರವೇ ಇಲ್ಲ. ಆಟಗಾರರು ಇದರಲ್ಲಿ ಯಾವುದು ‘ಒಳ್ಳೆಯ ಮುಕ್ತಾಯ’ ಎಂದು ಜಗಳವಾಡುತ್ತಾರೆ. ಆದರೆ ಮೂರರಲ್ಲಿಯೂ ಬಿಡುಗಡೆಯ ತೀರ್ಪು ಮೇಲಿನಿಂದ ಬಂದದ್ದು, ಒಬ್ಬ ಒಡತಿ ಕೊಟ್ಟದ್ದನ್ನು ಇನ್ನೊಬ್ಬಳು ಕಿತ್ತುಕೊಳ್ಳಬಹುದಾದದ್ದು.

ರೆಡ್‌ಕ್ಲಿಫ್‌ನ ಪಾನಗೃಹದಲ್ಲಿ, ಇದೇ ಆಟದಲ್ಲಿ, ಕ್ಲೆಮೆನ್ಸ್ ಎಂಬ ಪ್ರಶಾಂತನೊಬ್ಬ ನಿಂತಿರುತ್ತಾನೆ. ಬಂಡಾಯ ಎದ್ದಾಗ ಮಾಂತ್ರಿಕರು ಓಡಿದರು, ಟೆಂಪ್ಲರರು ಅಟ್ಟಿಸಿಕೊಂಡು ಹೋದರು. ಹಣೆಮುದ್ರೆಯವರನ್ನು ಎರಡೂ ಕಡೆಯವರು ಬಿಟ್ಟು ನಡೆದರು. ಅಲೆಕ್ಸಿಯಸ್‌ಗೂ ಅವರು ಬೇಡ. ಅದೇ ಊರಿನ ಒಂದು ಬೀಗ ಹಾಕಿದ ಗುಡಿಸಲಿನಲ್ಲಿ ಪ್ರಶಾಂತರ ತಲೆಬುರುಡೆಗಳು ಸಾಲಾಗಿ ಇವೆ; ಟೆವಿಂಟರ್‌ನವರು ಅವರನ್ನು ಕೊಂದು ಬುರುಡೆಗಳನ್ನು ದುರ್ಬೀನಿನಂತೆ ಬಳಸುತ್ತಿದ್ದರು. ಕ್ಲೆಮೆನ್ಸ್ ದೂರುವುದಿಲ್ಲ, ದೂರಲು ಬೇಕಾದ್ದನ್ನು ಅವನಿಂದ ತೆಗೆದಾಗಿದೆ. ತನಗೆ ಮದ್ದು ಅರೆಯುವ ಕೆಲಸ ಬರುತ್ತದೆ, ಉಪಯೋಗಕ್ಕೆ ಬರಬಹುದು ಎನ್ನುತ್ತಾನೆ. ಅವನನ್ನು ಮಾತಾಡಿಸದೆಯೂ ಆಟ ಮುಂದಕ್ಕೆ ಹೋಗುತ್ತದೆ.